ಎರಡೂರಿಗೆ ಥೂ ಅಂದ ಮೇಷ್ಟ್ರು

ಪಾಂಡವಪುರದ ನಮ್ಮ ಸರ್ವೆ ಕಚೇರಿಯಲ್ಲಿ ಹಳೆಯ ಗ್ರಾಮನಕ್ಷೆಗಳನ್ನು ಇಟ್ಟಿರುವ ಒಂದು ಮರದ ಬೀರು ಇದೆ. ಕಾಗದ ಹರಿಯದಿರಲೆಂದು ಹಿಂದಿನವರು ಆ ನಕ್ಷೆಗಳಿಗೆ ಬಟ್ಟೆ ಅಂಟಿಸಿದ್ದಾರೆ. ಮಳೆಗಾಲದಲ್ಲಿ ಬೀರು ತೆಗೆದರೆ ಹಳೇ ಗಂಜಿಯ ವಾಸನೆ ಮುಖಕ್ಕೆ ಹೊಡೆಯುತ್ತದೆ. ಉಳಿದವರೆಲ್ಲ ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಮಾತ್ರ ಒಂದು ಗಳಿಗೆ ಅಲ್ಲೇ ನಿಂತು ನಗುತ್ತೇನೆ. ಮೊನ್ನೆ ಹಾಗೆ ನಿಂತಿದ್ದಾಗ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ, "ಯಾಕೆ ಮೇಡಂ ನಗ್ತೀರಾ?" ಎಂದು ಕೇಳಿದಳು. ನಮ್ಮ ಹೈಸ್ಕೂಲಿನ ಇತಿಹಾಸದ ಮೇಷ್ಟ್ರ ಪಂಚೆ ನೆನಪಾಯಿತು ಎಂದೆ. ಅವಳು ಬೀರುವಿನೊಳಗೆ ಇಣುಕಿ ಪಂಚೆ ಹುಡುಕಿದಳು.

ಆ ಮೇಷ್ಟ್ರು ಶ್ರೀರಂಗಪಟ್ಟಣದ ಪಕ್ಕದ ಬಾಬುರಾಯನಕೊಪ್ಪಲಿನವರು. ವರ್ಗವಾಗಿ ನಾಗಮಂಗಲ ತಾಲ್ಲೂಕಿನ ಹೊಣಕೆರೆ ಕಡೆಯ ನಮ್ಮ ಹೈಸ್ಕೂಲಿಗೆ ಬಂದಿದ್ದರು. ನೀಳ ಕತ್ತು, ಜೇಬಿನಲ್ಲಿ ಸೋರುವ ಪೆನ್ನು, ಕೈಯಲ್ಲಿ ಸದಾ ಒಂದು ಪುಸ್ತಕ. ಮೈಸೂರಿನಲ್ಲಿ ಹಳೇ ಪುಸ್ತಕದ ಗುಡ್ಡೆಯಿಂದ ಆರಿಸಿಕೊಂಡು ಬಂದದ್ದಂತೆ ಅದು. ರಟ್ಟಿರಲಿಲ್ಲ, ಮೊದಲ ಹದಿನಾರು ಪುಟವಿರಲಿಲ್ಲ, ನಡುನಡುವೆ ಗೆದ್ದಲು ತಿಂದಿತ್ತು. ಬರೆದವರು ಯಾರೆಂದು ಅವರಿಗೂ ಗೊತ್ತಿರಲಿಲ್ಲ. ಐರ್ಲೆಂಡ್ ಎಂಬ ದ್ವೀಪದ ಪುರಾತನ ರಾಜ್ಯಗಳ ವಿಷಯ ಅದರಲ್ಲಿತ್ತು. ನಮ್ಮ ಪಠ್ಯಪುಸ್ತಕದಲ್ಲಿ ಆ ಪಾಠವೇ ಇರಲಿಲ್ಲ. ಆದರೂ ಹೊಯ್ಸಳರು ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದರು, ಉಳಿದರ್ಧ ಗಂಟೆ ಐರ್ಲೆಂಡಿನವರಿಗೆ ಮೀಸಲು.

ಆ ಪುಟ್ಟ ದ್ವೀಪದಲ್ಲಿ ಒಂದು ಕಾಲಕ್ಕೆ ನೂರಕ್ಕೂ ಮೇಲ್ಪಟ್ಟು ರಾಜರಿದ್ದರಂತೆ. ಒಬ್ಬೊಬ್ಬ ರಾಜನಿಗೆ ಒಂದೊಂದು ಬುಡಕಟ್ಟು, ನಾಲ್ಕಾರು ಹೊಲ, ಒಂದು ಹಳ್ಳ, ಒಂದು ಜೌಗು. ದನಗಳ ಮಂದೆಯೇ ಐಶ್ವರ್ಯ. ಪಟ್ಟಕ್ಕೆ ಬಂದ ಹೊಸ ರಾಜ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಪಕ್ಕದ ರಾಜ್ಯಕ್ಕೆ ನುಗ್ಗಿ ದನ ಹೊಡೆದುಕೊಂಡು ಬರುವುದು. ಇದನ್ನು ಕೇಳಿ ನಾವೆಲ್ಲ ಬೆಂಚು ಕುಟ್ಟಿ ನಕ್ಕಿದ್ದೆವು. ಯಾಕೆಂದರೆ ಇದರಲ್ಲಿ ನಮಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಮೇಷ್ಟ್ರು ತಮ್ಮ ಹಳೇ ಪಂಚೆಯೊಂದಕ್ಕೆ ಗಟ್ಟಿ ಗಂಜಿ ಹಾಕಿ, ಇಸ್ತ್ರಿ ಮಾಡಿ, ಅದರ ಮೇಲೆ ನೀಲಿ ಶಾಯಿಯಲ್ಲಿ ಆ ದ್ವೀಪದ ನಕ್ಷೆ ಬರೆದಿದ್ದರು. ಉತ್ತರಕ್ಕೆ ಉಲೈದ್, ಪೂರ್ವಕ್ಕೆ ಲೈಗಿನ್, ಇವೆರಡರ ಕೆಳಗೆ ಒಸ್ರೈಗೆ... ಹೆಸರುಗಳನ್ನು ಅವರು ತಮಗೆ ತೋಚಿದ ಹಾಗೆ ಓದುತ್ತಿದ್ದರು. ತಿದ್ದಲು ಸುತ್ತ ಹತ್ತು ಹೋಬಳಿಯಲ್ಲಿ ಯಾರಿದ್ದರು?

ನಾವು ಮಾತಾಡುವಾಗ ಹಕಾರ ನುಂಗುವ ಸೀಮೆಯವರು. ಹಾಗೆಂದು ಬೈಸಿಕೊಂಡು ಬೈಸಿಕೊಂಡು, ಬರೆಯುವಾಗ ಭಯಕ್ಕೆ ಎಲ್ಲದಕ್ಕೂ ಹಕಾರ ಸೇರಿಸುತ್ತಿದ್ದೆವು. ನನ್ನ ಕಿರುಪರೀಕ್ಷೆಯ ಹಾಳೆಯಲ್ಲಿ 'ಹೈರ್ಲೆಂಡಿನ ಹುಲೈದರು' ಎಂದು ಬರೆದಿದ್ದೆ. ಮೇಷ್ಟ್ರು ಅದನ್ನು ಎಲ್ಲರೆದುರು ಓದಿ, "ಬೇಕಾದ ಕಡೆ ಹ ತಿಂತೀರಿ, ಬ್ಯಾಡದ ಕಡೆ ಉಗುಳ್ತೀರಿ. ಹೊಟ್ಟೇಲಿ ಎಷ್ಟು ಹ ಇಟ್ಕಂಡಿದ್ದೀರ್ರಮ್ಮಾ?" ಎಂದರು. ಆದರೂ ಒಂದು ಅಂಕವನ್ನೂ ಕಳೆಯಲಿಲ್ಲ.

ಒಮ್ಮೆ ಕೆ.ಆರ್. ಪೇಟೆಯ ಆಚೆ ಗೋವಿಂದನಹಳ್ಳಿಗೆ ಪ್ರವಾಸ ಕರೆದುಕೊಂಡು ಹೋದರು. ಪಂಚಲಿಂಗೇಶ್ವರ ಗುಡಿಯಲ್ಲಿ ಒಂದೇ ಸಾಲಿಗೆ ಐದು ಗರ್ಭಗುಡಿ. ಹೊಯ್ಸಳ ಶಿಲ್ಪಿಗಳ ಬಗ್ಗೆ ಹೇಳುತ್ತಾರೇನೋ ಎಂದು ಕಾದರೆ, ಒಂದೊಂದರ ಮುಂದೆಯೂ ನಿಂತು ಐರ್ಲೆಂಡಿನ ಐದು ಪ್ರಾಂತ್ಯ ಎಣಿಸಿದರು! ಅಲ್ಲಿನವರ ಮಾತಿನಲ್ಲಿ ಪ್ರಾಂತ್ಯಕ್ಕೆ ಐದನೇ ಪಾಲು ಅಂತಲೇ ಹೆಸರಂತೆ. ಅರ್ಚಕರು ಗಾಬರಿಯಿಂದ ಮಂಗಳಾರತಿ ತಟ್ಟೆ ಹಿಡಿದು ನಿಂತೇ ಇದ್ದರು.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮೂರಿಗೂ ಕೆರೆಯಾಚೆಯ ಊರಿಗೂ ಜಗಳ ಹತ್ತಿಕೊಂಡಿತು. ನಮ್ಮೂರಿನ ಎರಡು ಹಸು ಅವರ ರಾಗಿ ಹೊಲಕ್ಕೆ ಬಾಯಿ ಹಾಕಿದ್ದವು. ಅವರು ಹಿಡಿದು ಕಟ್ಟಿಕೊಂಡರು. ಬಿಡಿಸಿಕೊಂಡು ಬರಲು ಹೋದ ನಮ್ಮವರು, ಬರುವಾಗ ಅವರದೊಂದು ಎಮ್ಮೆಯನ್ನೂ ಹೊಡೆದುಕೊಂಡು ಬಂದರು. ಎಮ್ಮೆ ಮೂರೇ ದಿನಕ್ಕೆ ವಾಪಸ್ಸು ಹೋಯಿತು, ಜಗಳ ಹೋಗಲಿಲ್ಲ. ಆಚೆಯೂರಿನವರು ಕೆರೆ ಏರಿ ಮೇಲಿನ ಕಾಲುದಾರಿಗೆ ಜಾಲಿಮುಳ್ಳಿನ ಬೇಲಿ ಜಡಿದುಬಿಟ್ಟರು. ಹೈಸ್ಕೂಲು ಇದ್ದದ್ದು ಅವರೂರಿನ ಆಚೆ. ಗಂಡು ಹುಡುಗರು ಸೈಕಲ್ಲಿನಲ್ಲಿ ಸುತ್ತು ಹಾಕಿಕೊಂಡು ಹೋದರು. ನಾವು ಐದು ಜನ ಹುಡುಗಿಯರು ಮನೆಯಲ್ಲಿ ಕೂತೆವು.

ಒಂದು ವಾರ ಕಳೆಯಿತು, ಎರಡು ವಾರವಾಯಿತು. ಅಪ್ಪ ಒಂದು ಬೆಳಗ್ಗೆ ದನದ ಕೊಟ್ಟಿಗೆಯಿಂದಲೇ, "ಈ ವರ್ಸ ಬುಡು ಕಣಮ್ಮಿ, ಓದಿದ್ದು ಸಾಕು" ಎಂದರು. ಕೋಪದಿಂದ ಹೇಳಿದ್ದಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ಓದು ಬಿಟ್ಟ ನನ್ನ ಅಕ್ಕಂದಿರಿಬ್ಬರ ಕತೆಯೂ 'ಈ ವರ್ಷ ಬಿಡು' ಎಂಬ ಮಾತಿನಿಂದಲೇ ಶುರುವಾಗಿತ್ತು. ಆ ದಿನ ನಾನು ಅಟ್ಟ ಹತ್ತಿ ಕೂತು ಅತ್ತೆ.

ಇದು ಮೇಷ್ಟ್ರ ಕಿವಿಗೆ ಹೇಗೆ ಬಿತ್ತೋ ಗೊತ್ತಿಲ್ಲ. ಭಾನುವಾರ ಬೆಳಗ್ಗೆ ಪಂಚೆಯ ನಕ್ಷೆಯನ್ನು ಸುರುಳಿ ಸುತ್ತಿ ಸೈಕಲ್ಲಿಗೆ ಕಟ್ಟಿಕೊಂಡು ಬಂದೇಬಿಟ್ಟರು. ಎರಡೂರಿನ ದೊಡ್ಡವರನ್ನು ಏರಿಯ ಗಡಿಕಲ್ಲಿನ ಹತ್ತಿರ ಸೇರಿಸಿದರು. ನಮ್ಮ ಕಡೆಯಿಂದ ಯಜಮಾನನೆಂದರೆ ನಮ್ಮ ದೊಡ್ಡಪ್ಪ. ಬೇಲಿಯ ಆ ಬದಿಗೆ ಆಚೆಯೂರಿನ ಯಜಮಾನರು, ಹುರಿ ಮೀಸೆಯ ದಪ್ಪ ಆಳು. ಇಬ್ಬರೂ ತಿಂಗಳಿಂದ ಮುಖ ಕೊಟ್ಟು ಮಾತಾಡಿರಲಿಲ್ಲ. ನಾವು ಹುಡುಗಿಯರು ಹೊಂಗೆ ಮರದ ಮರೆಯಲ್ಲಿ ನಿಂತಿದ್ದೆವು.

ಮೇಷ್ಟ್ರು ಕೊಂಬೆಗೆ ನಕ್ಷೆ ನೇತುಹಾಕಿ, ಗಂಟಲು ಸರಿ ಮಾಡಿಕೊಂಡರು. ಆ ದ್ವೀಪದಲ್ಲಿ ಒಂದೊಂದು ಪುಟ್ಟ ರಾಜ್ಯಕ್ಕೂ ಒಂದು ಹೆಸರಿತ್ತು. ಪುಸ್ತಕದಲ್ಲಿ ಆ ಪದದ ಒಂದು ಅಕ್ಷರದ ಮೇಲೆ ಗೀಟು ಎಳೆದಿದ್ದರಿಂದ, ಅದು ದೀರ್ಘವೇ ಇರಬೇಕೆಂದು ತೀರ್ಮಾನಿಸಿ ಮೇಷ್ಟ್ರು ಅದನ್ನು 'ತೂ ಆತ್' ಎನ್ನುತ್ತಿದ್ದರು. ಕ್ಲಾಸಿನಲ್ಲಿ ಕೇಳಿ ಕೇಳಿ ನಮಗೆ ಅದು ಅಭ್ಯಾಸವಾಗಿಹೋಗಿತ್ತು. ಇಲ್ಲಿ ಅವರು ಮೊದಲು ದೊಡ್ಡಪ್ಪನ ಕಡೆ ಕೈ ತೋರಿಸಿ, ಆಮೇಲೆ ಬೇಲಿಯಾಚೆಗೆ ಕೈ ತೋರಿಸಿ, ಗಟ್ಟಿಯಾಗಿ ಹೇಳಿದರು: "ನಿಮ್ಮೂರು... ತೂ ಆತ್! ಅವರೂರು... ಅದೂ ತೂ ಆತ್!"

ಏರಿಯ ಮೇಲೆ ಕೂತಿದ್ದವರೆಲ್ಲ ತಟ್ಟನೆ ತಲೆಯೆತ್ತಿದರು.

"ಏನಂದ್ರಿ ಮೇಷ್ಟ್ರೇ? ನಮ್ಮೂರ್ಗೆ ಥೂ ಅಂದ್ರಾ?" ಎಂದು ಆಚೆಯೂರಿನ ಯಜಮಾನರು ಎದ್ದು ನಿಂತರು.

"ನಮ್ಮೂರ್ಗೂ ಅಂದ್ರು ಕಣಯ್ಯ, ನಾನೇ ಕೇಳುಸ್ಕಂಡಿವ್ನಿ" ಎಂದರು ದೊಡ್ಡಪ್ಪ.

"ಮೊದ್ಲು ನಿಮ್ಗೇ ಅಂದಿದ್ದು."

"ಆಮೇಲೆ ನಿಮ್ಗೂ ಅಂದ್ರಲ್ಲ!"

ತಿಂಗಳಿಂದ ಮಾತು ಬಿಟ್ಟಿದ್ದ ಇಬ್ಬರು ಮೊದಲು ಆಡಿದ ಮಾತು ಇದು. ಎರಡೂ ಊರಿನವರು ಬೇಲಿ ಮರೆತು ಮೇಷ್ಟ್ರ ಮೇಲೆ ಒಟ್ಟಿಗೇ ತಿರುಗಿಬಿದ್ದರು. ಮೇಷ್ಟ್ರು ಬೆವೆತುಹೋದರು. "ಅಯ್ಯೋ ಬೈಗುಳ ಅಲ್ಲ ಯಜಮಾನ್ರೇ! ತೂ ಆತ್ ಅಂದ್ರೆ ರಾಜ್ಯ! ನೀವಿಬ್ರೂ ರಾಜರು ಅಂತ ಹೇಳ್ದೆ!" ಎಂದು ಪಂಚೆಯನ್ನೇ ಅಡ್ಡ ಹಿಡಿದರು. "ರಾಜ್ಯಕ್ಕೆ ಥೂ ಅನ್ನೋ ದೇಸ ಯಾವ್ದ್ಲಾ ಅದು?" ಎಂದು ಯಾರೋ ಕೂಗಿದರು. ಮರದ ಹಿಂದಿದ್ದ ನನಗೆ ನಗುವೂ ಬಂತು, ಭಯವೂ ಆಯಿತು. ಇದೊಂದು ಪಂಚಾಯ್ತಿಯೂ ಕೆಟ್ಟರೆ ನನ್ನ ಓದು ಅಲ್ಲಿಗೆ ಮುಗಿದಂತೆ.

ಆದರೆ ರಾಜ ಅನ್ನಿಸಿಕೊಂಡವರಿಗೆ ಕೋಪ ಎಷ್ಟು ಹೊತ್ತು ನಿಲ್ಲುತ್ತದೆ? ಆಚೆಯೂರಿನ ಯಜಮಾನರು ನಿಧಾನವಾಗಿ ಕೂತರು. ಅಲ್ಲಿನ ರಾಜರಿಗೆ ಎಷ್ಟು ಹೊಲವಿತ್ತು, ದನಕ್ಕೆ ಮೇವೇನು, ಕದ್ದ ದನ ಸಿಕ್ಕರೆ ದಂಡವೇನು... ಒಂದೊಂದೇ ಪ್ರಶ್ನೆ ಬಂತು. ಸಣ್ಣ ರಾಜರ ಮೇಲೆ ದೊಡ್ಡ ರಾಜ, ಅವನ ಮೇಲೆ ಪ್ರಾಂತ್ಯದ ರಾಜ ಎಂದು ಮೇಷ್ಟ್ರು ಹೇಳಿದಾಗ, "ನಮ್ಮ ಕಟ್ಟೆಮನೆ ಇದ್ದಂಗೆ ಬುಡಿ" ಎಂದು ದೊಡ್ಡಪ್ಪ ತಲೆದೂಗಿದರು. ಹತ್ತಾರು ಊರಿನ ನ್ಯಾಯ ತೀರಿಸುವ ಕಟ್ಟೆಮನೆ ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದದ್ದೇ. ರಾಜನ ಮೈಮೇಲೆ ಊನವಿರಬಾರದು, ಇದ್ದರೆ ಪಟ್ಟ ಹೋಗುತ್ತದೆ ಎಂದೂ ಮೇಷ್ಟ್ರು ಹೇಳಿದರು.

ಆಮೇಲೆ ಪುಸ್ತಕದ ಪುಟ ತಿರುವಿ, "ಇನ್ನೊಂದು ಕಟ್ಟಳೆ ಇತ್ತು" ಎಂದರು. "ಅಲ್ಲಿ ಒಬ್ಬ ಸಾಮಾನ್ಯ ಮನುಷ್ಯ ಗಡಿ ದಾಟಿದ್ರೆ ಅವನನ್ನ ಹೊಡೆದ್ರೂ ಕೇಳೋರಿಲ್ಲ. ರಾಜನೂ ಸುಮ್ಮನೆ ದಾಟೋ ಹಂಗಿಲ್ಲ. ಆದ್ರೆ ವಿದ್ಯೆ ಕಲ್ತೋರಿಗೆ, ಕವಿಗಳಿಗೆ ಯಾವ ಗಡೀನೂ ಇಲ್ಲ. ಅವ್ರನ್ನ ಯಾರೂ ತಡೀಬಾರ್ದು. ತಡೆದ ರಾಜನ ಮೇಲೆ ಕವಿ ಒಂದು ಪದ ಕಟ್ಟಿದ್ರೆ, ಅವನ ಕೆನ್ನೆ ಮೇಲೆ ಬೊಬ್ಬೆ ಏಳ್ತಿತ್ತು."

ಆಚೆಯೂರಿನ ಯಜಮಾನರ ಕೈ ತಾನಾಗಿ ಕೆನ್ನೆಗೆ ಹೋಯಿತು. ಅದನ್ನು ನಾನು ಕಣ್ಣಾರೆ ಕಂಡೆ.

ಅದೇ ಕೈಯಲ್ಲಿ ಅವರು ಮೀಸೆ ತಿರುವಿ ತೀರ್ಪು ಕೊಟ್ಟರು. "ಆಯ್ತು, ಓದೋ ಎಣ್ಣೈಕ್ಳು ಓಗ್ಲಿ. ಬೇಲೀಲಿ ಒಂದ್ ಕಿಂಡಿ ಬುಡ್ರಲಾ. ಆದ್ರೆ ಒಂದು ಮಾತು ಕಣಯ್ಯ, ಕೈಲಿ ಪುಸ್ತಕ ಇದ್ದೋರ್ಗೆ ಮಾತ್ರ ದಾರಿ. ಇಲ್ದಿದ್ರೆ ಇಲ್ಲ."

ಸೋಮವಾರವೇ ನಾವು ಐದೂ ಜನ ಸ್ಕೂಲಿಗೆ ಹೋದೆವು. ಬುಧವಾರದ ಹೊತ್ತಿಗೆ ನಮ್ಮೂರಿಗೆ ಊರೇ ವಿದ್ಯಾವಂತವಾಗಿತ್ತು. ಡೈರಿಗೆ ಹಾಲು ಹಾಕುವವರು ಕ್ಯಾನಿನ ಮೇಲೆ ಒಂದು ನೋಟ್‌ಬುಕ್ ಇಟ್ಟುಕೊಂಡು ದಾಟಿದರು. ಹಸಿ ಹುಲ್ಲಿನ ಹೊರೆಯೊಳಗೆ ಕನ್ನಡ ವ್ಯಾಕರಣ ಸಿಕ್ಕಿಸಿಕೊಂಡ ಹೆಂಗಸರಿದ್ದರು. ನಮ್ಮ ಅಜ್ಜಿ ಆಚೆಯೂರಿನ ತನ್ನ ತಂಗಿಯ ಮನೆಗೆ ಹೋಗಲೆಂದು ನನ್ನ ಸಮಾಜ ವಿಜ್ಞಾನದ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಹೊರಟಿತು. ಕಿಂಡಿಯ ಹತ್ತಿರ ಯಜಮಾನರೇ ಎದುರಾಗಿ, "ಅಜ್ಜೀ, ಏನ್ ಓದ್ತಾ ಇದ್ದೀಯೆ?" ಎಂದು ಕೇಳಿದರಂತೆ. "ಎಸ್ಸೆಲ್ಸಿ ಕಣಪ್ಪ" ಎಂದಿತಂತೆ ಅಜ್ಜಿ. ಯಜಮಾನರು ನಗು ತಡೆಯಲಾರದೆ ಏರಿಯ ಮೇಲೇ ಕೂತುಬಿಟ್ಟರಂತೆ. ರಾಗಿ ಕುಯ್ಲಿನ ಹೊತ್ತಿಗೆ ಬೇಲಿಯ ಜಾಲಿಯೆಲ್ಲ ಎರಡೂರಿನವರ ಒಲೆಗೆ ಸೌದೆಯಾಯಿತು.

ಐದೂ ಜನ ಪಾಸಾದೆವು. ಅಂಕಪಟ್ಟಿ ತರಲು ಹೋದ ದಿನ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದರು. ಖುಷಿಯಾಗಿಯೇ ಇದ್ದರು, ಆದರೆ ಮಾತಿಗೆ ತಡಕಾಡಿದರು. "ಬೊಬ್ಬೆ ವಿಷ್ಯ ಪುಸ್ತಕದಲ್ಲಿತ್ತು ಕಣಮ್ಮಾ. ಗಡಿ ದಾಟೋ ವಿಷ್ಯ ಇರ್ಲಿಲ್ಲ. ಅಲ್ಲಿ ಹಾಳೆ ಹರಿದಿತ್ತು, ನಾನೇ ಕಟ್ಟಿ ಹೇಳ್ಬುಟ್ಟೆ. ಇತಿಹಾಸದ ಮೇಷ್ಟ್ರು ಸುಳ್ಳು ಹೇಳ್ಬಾರ್ದಾಗಿತ್ತು... ಯಾರ್ಗೂ ಹೇಳ್ಬ್ಯಾಡ." ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಮುಂದಿನ ವರ್ಷ ಅವರಿಗೆ ಬೇರೆ ಕಡೆ ವರ್ಗವಾಯಿತು.

ಮೊನ್ನೆ ಬೀರು ಮುಚ್ಚಿ ಊಟಕ್ಕೆ ಕೂತಾಗ ಏನನ್ನಿಸಿತೋ, ಮೊಬೈಲಿನಲ್ಲಿ ಐರ್ಲೆಂಡಿನ ಆ ಹಳೇ ರಾಜ್ಯಗಳ ಬಗ್ಗೆ ಹುಡುಕಿದೆ. ಓದುತ್ತಾ ಹೋದಂತೆ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ತನ್ನ ಬುಡಕಟ್ಟಿನ ಗಡಿಯಾಚೆ ಸಾಮಾನ್ಯನಿಗೆ ಹಕ್ಕೇ ಇರಲಿಲ್ಲವಂತೆ. ಕವಿಗಳಿಗೆ, ವಿದ್ವಾಂಸರಿಗೆ ಮಾತ್ರ ಎಲ್ಲ ರಾಜ್ಯದಲ್ಲೂ ಮರ್ಯಾದೆ, ರಕ್ಷಣೆ! ಒಂದು ಕಡೆಯಲ್ಲ, ನಾಲ್ಕು ಕಡೆ ನೋಡಿದೆ. ನಾಲ್ಕರಲ್ಲೂ ಅದೇ ಇತ್ತು. ಮೇಷ್ಟ್ರು ಕಟ್ಟಿ ಹೇಳಿದ್ದೆಂದುಕೊಂಡದ್ದು ಹರಿದ ಹಾಳೆಯಲ್ಲಿ ಇದ್ದಿರಲೇಬೇಕು. ಈ ಸುದ್ದಿಯನ್ನು ಅವರಿಗೆ ನಾನೇ ಬಾಯಾರೆ ಹೇಳಬೇಕು ಎಂದು ಮನಸ್ಸು ಕುಣಿಯಿತು.

ಭಾನುವಾರ ಬಸ್ಸು ಹತ್ತಿದೆ. ಬಾಬುರಾಯನಕೊಪ್ಪಲಿನಲ್ಲಿ ಮನೆ ಕೇಳಿಕೊಂಡು ಹೋದರೆ ಬಾಗಿಲು ತೆಗೆದದ್ದು ಮೇಷ್ಟ್ರ ಹೆಂಡತಿ. ನಾನು ಯಾರೆಂದು ಹೇಳುವಾಗಲೇ ಒಳಗಿನ ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಕಾಣಿಸಿತು. ಹೋದ ವರ್ಷ ದೀಪಾವಳಿ ಕಳೆದ ಮೇಲೆ ತೀರಿಕೊಂಡರಂತೆ. ನನಗೆ ತಿಳಿದೇ ಇರಲಿಲ್ಲ.

ಕಾಫಿ ಕೊಟ್ಟು ಎದುರಿಗೆ ಕೂತ ಆ ತಾಯಿಗೆ ಬಂದ ವಿಷಯ ಹೇಳಿದೆ. ಅವರು ನಕ್ಕರು. "ಸರ್ವೀಸ್ನಲ್ಲಿ ಒಂದೇ ಒಂದು ಸುಳ್ಳು ಏಳಿವ್ನಿ ಕಣೇ, ಅದ್ರಿಂದ ಐದು ಎಣ್ಣೈಕ್ಳು ಪಾಸಾದ್ರು ಅಂತ ಯಾವಾಗ್ಲೂ ಅಂತಿದ್ರು. ಅಂದು ಅಂದು ಒಂದೊಂದ್ ಸಲ ಮಂಕಾಗೋರು" ಎಂದರು. ಆಮೇಲೆ ಎದ್ದು ಫೋಟೋದ ಮುಂದೆ ಹೋಗಿ, ಹಾರ ಸರಿ ಮಾಡುತ್ತಾ, ಪಕ್ಕದ ಕೋಣೆಯಲ್ಲಿರುವವರಿಗೆ ಹೇಳುವಂತೆ ಹೇಳಿದರು: "ಕೇಳುಸ್ಕಂಡ್ರಾ? ಅದು ನಿಜ್ವಂತೆ ಕಣ್ರೀ."

ನಾನು ಲೋಟ ಕೆಳಗಿಟ್ಟು ಅತ್ತುಬಿಟ್ಟೆ. ಪಾಂಡವಪುರಕ್ಕೂ ಬಾಬುರಾಯನಕೊಪ್ಪಲಿಗೂ ಬಸ್ಸಿನಲ್ಲಿ ಅರ್ಧ ಗಂಟೆಯ ಹಾದಿ. ಏಳು ವರ್ಷದಿಂದ ಪಾಂಡವಪುರದಲ್ಲೇ ಕೆಲಸ ಮಾಡುತ್ತಾ ಒಂದು ಸಲವೂ ಬಂದಿರಲಿಲ್ಲ. ಈ ದಾರಿಗೆ ಯಾರೂ ಬೇಲಿ ಹಾಕಿರಲಿಲ್ಲ.