ಲಗಮಣ್ಣ ಮಾಮಾ ಕುರಿ ಎಣಿಸುತ್ತಿರಲಿಲ್ಲ

ನಾನು ಶಾಲೆ ಬಿಟ್ಟದ್ದು 2003ರಲ್ಲಿ. ಎಂಟನೇ ಇಯತ್ತೆಯ ದೀಪಾವಳಿ ಸೂಟಿ ಮುಗಿದಿತ್ತು, ಹುಡುಗರೆಲ್ಲ ತಿರುಗಿ ಹೋದರು, ನಾನು ಹೋಗಲಿಲ್ಲ. ಕಬ್ಬು ಹೇರಿದ ಟ್ರಾಲಿಯ ಮೇಲಿಂದ ಬಿದ್ದು ಅಪ್ಪ ಹಾಸಿಗೆ ಹಿಡಿದಿದ್ದ. ಗಣಿತದಲ್ಲಿ ನಾನು ವರ್ಗಕ್ಕೇ ಮೊದಲಿಗ. ಇದನ್ನು ಇವತ್ತಿಗೂ ನಾಲ್ಕು ಮಂದಿಯ ಮುಂದೆ ಹೇಳುತ್ತೇನೆ, ಶಾಲೆಯದು ಅಂತ ಹೇಳಿಕೊಳ್ಳಲು ನನ್ನ ಹತ್ತಿರ ಬೇರೇನೂ ಇಲ್ಲ. ಲೆಕ್ಕದಲ್ಲಿ ಹೀಗೆ ಮುಂದಿದ್ದ ನಾನು ಆ ವರ್ಷ, ಜನ್ಮದಲ್ಲಿ ಏನನ್ನೂ ಎಣಿಸದ ಒಬ್ಬ ಮನುಷ್ಯನ ಹಿಂದೆ ಕೋಲು ಹಿಡಿದು ನಡೆದೆ. ಅವನು ನನ್ನ ಅವ್ವನ ಅಣ್ಣ, ಕಬ್ಬೂರಿನ ಲಗಮಣ್ಣ ಮಾಮಾ.

ಮಾಮಾ ಕುರಿ ಕಾಯುವವನು. ಸಂಜೆ ಹಿಂಡು ಮೇಯ್ದು ಬಂದಾಗ ಬಲೆ ಕಟ್ಟಿದ ದಡ್ಡಿಯ ಬಾಯಿಗೆ ಅಡ್ಡ ಕೋಲು ಹಿಡಿದು ನಿಲ್ಲುತ್ತಿದ್ದ. ಒಂದೊಂದಾಗಿ ಕುರಿ ಕೋಲು ಹಾರಿ ಒಳಗೆ ಹೋಗಬೇಕು. ಅವನ ಕಣ್ಣು ಪ್ರತಿಯೊಂದರ ಮುಖದ ಮೇಲೆ ಒಂದು ಕ್ಷಣ ನಿಂತು ಮುಂದೆ ಸರಿಯುತ್ತಿತ್ತು. ಕೊನೆಯದು ಹೋದ ಮೇಲೆ "ಎಲ್ಲಾರೂ ಬಂದ್ರು" ಅನ್ನುತ್ತಿದ್ದ, ಮದುವೆಗೆ ಕರೆದ ಮಂದಿಯ ಬಗ್ಗೆ ಹೇಳುವ ಹಾಗೆ. ಕೆಲವು ದಿನ "ಒಬ್ಬಾಕಿ ಬಂದಿಲ್ಲ" ಎಂದು ಕೋಲನ್ನು ಹೆಗಲಿಗೇರಿಸಿ ಬಂದ ದಾರಿಗೇ ತಿರುಗುತ್ತಿದ್ದ. ಯಾರು ಬಂದಿಲ್ಲ ಎಂಬುದು ಅವನಿಗೆ ಗೊತ್ತಿರುತ್ತಿತ್ತು.

ಮೊದಲ ಸಂಜೆಯೇ ನನ್ನ ಗಣಿತ ತೋರಿಸಲು ಹೋಗಿ, ಗಟ್ಟಿಯಾಗಿ ಎಣಿಸಿ, ಎಂಬತ್ತೇಳು ಎಂದು ಹೇಳಿಬಿಟ್ಟೆ. ಮಾಮಾನ ಅಂಗೈ ನನ್ನ ಬಾಯಿಯ ಮೇಲೆ ಬಿತ್ತು. ನಿಪ್ಪಾಣಿ ತಂಬಾಕು, ಸುಣ್ಣ, ಕುರಿಯ ಜಿಡ್ಡು, ಮೂರೂ ಕೂಡಿದ ವಾಸನೆ.

"ಎಣಿಸಬ್ಯಾಡ ಅಳ್ಯಾ. ಎಣಿಸಿದ್ದು ಕಡಿಮಿ ಆಕ್ಕೈತಿ. ಮಾರಿ ನೋಡು. ಮಾರಿ ಗೊತ್ತಿದ್ದಾವಗ ಲೆಕ್ಕಾ ಯಾಕ ಬೇಕು?"

ಆರು ವರ್ಷ ಅವನ ಹಿಂದೆ ನಡೆದೆ. ಕಬ್ಬೂರಿನಿಂದ ರಾಯಬಾಗದ ಮೇಲೆ ಹಾದು, ಕುಡಚಿಯ ಹತ್ತಿರ ಹೊಳೆಯ ಮೇಲಿನ ಪುಲು ದಾಟಿ ಅಥಣಿ ಸೀಮೆಯ ಕರಿಮಣ್ಣಿಗೆ, ಅಲ್ಲಿಂದ ಕಾಗವಾಡಕ್ಕೆ. ಕುರಿಯ ಕೂಡ ಕನ್ನಡ, ದ್ರಾಕ್ಷಿ ತೋಟದವರ ಕೂಡ ಮರಾಠಿ. ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುವ ದೊಡ್ಡ ರೈತನೊಬ್ಬ, ಜೋಳ ಅಳೆದು ಕೊಡುವ ಮೊದಲು, ನಿನ್ನವು ಎಷ್ಟು ತಲೆ ಎಂದು ಕೇಳಿದ. ಮಾಮಾ ನಕ್ಕ. "ನಿಮ್ಮ ಮನ್ಯಾಗಿನ ಮಂದಿ ಎಣಿಸಿ ನಿಮ್ಮನ್ನ ನಾ ಮಾತಾಡಸ್ತೀನೇನ್ರಿ ಸಾವ್ಕಾರ? ನಿಮ್ಮ ಹೊಲಾ ನೋಡ್ರಿ, ಮುಂಜಾನೆ ಹಿಕ್ಕಿ ಬಿದ್ದಿದ್ದು ನೋಡ್ರಿ, ಆಮ್ಯಾಲ ನಿಮ್ಮ ಮನಸು." ಆ ರೈತ, ಲೆಕ್ಕ ಹೇಳಿದವರಿಗೆ ಕೊಡುವುದಕ್ಕಿಂತ ಒಂದು ಬುಟ್ಟಿ ಹೆಚ್ಚೇ ಹಾಕಿಸಿದ.

ಕುರಿ ಬಿಟ್ಟು ನಾನು ಚಿಕ್ಕೋಡಿಯ ಫೋಟೋ ಸ್ಟುಡಿಯೋ ಸೇರಿದೆ. ಕಸ ಹೊಡೆದೆ, ಮದುವೆ ಮನೆಗಳಲ್ಲಿ ಲೈಟು ಹೊತ್ತೆ, ನೋಡಿ ನೋಡಿ ಕ್ಯಾಮೆರಾ ಕಲಿತೆ, ಕಡೆಗೆ ಸ್ವಂತ ಅಂಗಡಿಯ ಬೋರ್ಡು ಹಾಕಿದೆ. ಯಾರೂ ಕೈ ಹಿಡಿದು ಎತ್ತಿದ್ದಲ್ಲ. ಹಿಂಡು ಬಿಟ್ಟು ಹೋಗುವ ದಿನ ಮಾಮಾ ಬೇಜಾರಾಗುತ್ತಾನೆ ಎಂದುಕೊಂಡಿದ್ದೆ. ಅವನು ಹೇಳಿದ್ದು ಒಂದೇ ಮಾತು: "ಕಾಲಿನ ಕೆಲಸಾ ಬಿಟ್ಟಿ, ಆತು. ಕಣ್ಣಿನ ಕೆಲಸಾ ಬಿಡಬ್ಯಾಡ."

ಮೊದಲ ಡ್ರೋನ್ ತಂದಾಗ ಅದನ್ನು ಅವನಿಗೆ ತೋರಿಸಲು ಹಿಂಡಿನ ಹತ್ತಿರವೇ ಹಾರಿಸಿದೆ. ಕುರಿ ದಿಕ್ಕಾಪಾಲಾದವು. ಕುಂಟಿ ಎಂಬ ಒಂದು ಕುರಿ ಕಾಲುವೆಗೆ ಬಿತ್ತು. ಇನ್ನೂ ಮರಿಯಾಗಿದ್ದಾಗ ಮೋಟರ್ ಸೈಕಲ್ ಬಡಿದು ಅದರ ಹಿಂಗಾಲು ಮುರಿದಿತ್ತು. ಮಾಮಾ ಬಿದಿರಿನ ಸೀಳು ಕಟ್ಟಿ, ತಿಂಗಳುಗಟ್ಟಲೆ ಕಂಕುಳಲ್ಲಿ ಹೊತ್ತು ತಿರುಗಿ ಉಳಿಸಿದ್ದ. ಯಾವಾಗಲೂ ಹಿಂಡಿನ ಕೊನೆಗೆ ಅದೇ. ಅವತ್ತು ಕಾಲುವೆಯಿಂದ ಅದನ್ನು ಎತ್ತಿಕೊಂಡು ಬಂದು ಮಾಮಾ ನನ್ನನ್ನು ಬೈಯಲಿಲ್ಲ. ದಿನಾ ಬಾ, ದೂರದಲ್ಲಿ ಹಾರಿಸು, ದಿನಕ್ಕೊಂದಿಷ್ಟು ಹತ್ತಿರ ತಾ ಎಂದ. ವಾರದೊಳಗೆ ಕುರಿ ತಲೆ ಎತ್ತುವುದನ್ನು ಬಿಟ್ಟವು. ಸಪ್ಪಳ ಗುಂಗಿಹುಳದ್ದು ಎಂದು ಅದಕ್ಕೆ ಗುಂಗಿ ಎಂದು ಹೆಸರಿಟ್ಟ. ಆಮೇಲೆ ಆ ಕಡೆ ಎಲ್ಲಿ ನಾನು ಹಾರಿಸಿದರೂ, ಸಪ್ಪಳ ಕೇಳಿದ ಕೂಡಲೇ ಮಾಮಾ ಹೆಗಲ ಕಂಬಳಿ ತೆಗೆದು ಮೇಲೆ ಬೀಸುತ್ತಿದ್ದ. ಹತ್ತಿರ ಇದ್ದವರಿಗೆ "ನಮ್ಮ ಅಳ್ಯಾ ಬಂದ" ಅನ್ನುತ್ತಿದ್ದನಂತೆ. ಎಷ್ಟೋ ಸಲ ಅದು ಬೇರೆಯವರ ಡ್ರೋನ್ ಆಗಿರುತ್ತಿತ್ತು.

ಕಾಗವಾಡದ ದ್ರಾಕ್ಷಿ ಬೆಳೆಗಾರರಿಗೆ ತಮ್ಮ ತೋಟ ಈ ಬಾಂದಿನಿಂದ ಆ ಬಾಂದಿನವರೆಗೆ ಒಂದೇ ಫೋಟೋದಲ್ಲಿ ಬರಬೇಕು. ಮದುವೆಯವರಿಗೆ ಮಂಟಪ, ಊಟದ ಪಂಕ್ತಿ, ರಸ್ತೆಯ ಮೇಲಿನ ಗಾಡಿಗಳು ಎಲ್ಲಾ ಕೂಡಿ ಬರಬೇಕು. ಅದಕ್ಕೆ ಡ್ರೋನಿನ ಕ್ಯಾಮೆರಾದ ಮುಂದೆ ಸಿಕ್ಕಿಸುವ ಅಗಲದ ಲೆನ್ಸ್ ಬೇಕಾಯಿತು. ಮಿರಜಿನ ಅಂಗಡಿಯವನು ಪರಿಚಯದವನು, ಎರಡು ಕೊಟ್ಟು ಹಾರಿಸಿ ನೋಡಿ ಬಾ ಎಂದ. ಒಂದು ಸಾಧಾರಣ ಅಗಲದ್ದು. ಇನ್ನೊಂದು ಅಲ್ಟ್ರಾ ವೈಡ್, ಉಬ್ಬಿದ ಗಾಜಿನದು, ಮೀನಿನ ಕಣ್ಣಿನ ಹಾಗೆ. "ಹೇಚ ಘೇ, ಇದನ್ನ ತೊಗೊ, ಅಖ್ಖಾ ಊರಿಗೆ ಊರ ಒಂದ ಫ್ರೇಮಿನ್ಯಾಗ ಕುಂಡರತೈತಿ" ಎಂದು ಅಂಗಡಿಯವನು ಎರಡನೆಯದನ್ನೇ ಮುಂದೆ ತಳ್ಳಿದ.

ಪರೀಕ್ಷೆಗೆ ಮಾಮಾನ ಹಿಂಡೇ ಸಿಕ್ಕಿತು. ಕುಡಚಿಯ ಈಚೆ ಹೊಳೆದಂಡೆಯಲ್ಲಿದ್ದ. ಒಂದೇ ಎತ್ತರದಿಂದ ಎರಡರಲ್ಲೂ ತೆಗೆದೆ. ಬಿಸಿಲಿಗೆ ಮೊಬೈಲಿನ ಪರದೆ ಕಾಣುತ್ತಿರಲಿಲ್ಲ. ಮಾಮಾ ಕಂಬಳಿಯನ್ನು ಇಬ್ಬರ ತಲೆಯ ಮೇಲೂ ಎಳೆದ. ಒಳಗೆ ಕತ್ತಲು, ಉಣ್ಣೆಯ ವಾಸನೆ, ಮಾಮಾನ ಉಸಿರು, ನಡುವೆ ಬೆಳಗುವ ಪರದೆ. ಸಾಧಾರಣ ಲೆನ್ಸಿನ ಫೋಟೋದಲ್ಲಿ ಅರ್ಧ ಹಿಂಡು ಮಾತ್ರ ಬಂದಿತ್ತು. ಮಾಮಾ ಬೆರಳು ಇಟ್ಟು ಹೇಳುತ್ತಾ ಹೋದ, ಇಕಿ ಬಿಳಿಗಿವಿ, ಇಕಿ ಕರಿಮಾರಿ, ಇಕಿ ಹೊಟ್ಟಿಬಾಕಿ, ಹಿಂದ ಕುಂಟಿ. ಬೆನ್ನು ಮಾತ್ರ ಕಾಣುವ ಕುರಿಗಳನ್ನೂ ಗುರುತು ಹಿಡಿದ.

ಎರಡನೆಯ ಫೋಟೋ ತೆಗೆದು ತೋರಿಸಿದೆ. ಹಿಂಡು, ಹೊಳೆ, ಪುಲು, ಆಚೆಯ ಕಬ್ಬು, ಎಲ್ಲ ಇತ್ತು. ಮಾಮಾ ಪರದೆಯನ್ನು ಕಣ್ಣಿಗೆ ಹತ್ತಿರ ತಂದ.

"ಇದರಾಗ ಕುಂಟಿ ಎಲ್ಲಿ ಅದಾಳ?"

ನಾನು ಎಡ ಅಂಚಿನಲ್ಲಿ ಹುಡುಕಿ ತೋರಿಸಿದೆ. ಈ ಲೆನ್ಸಿನ ಗುಣವೇ ಅದು. ನಡುವಿನದು ಎಳ್ಳಿನಷ್ಟಾಗುತ್ತದೆ, ಅಂಚಿನದು ಎಳೆದ ರಬ್ಬರಿನಂತೆ ಉದ್ದವಾಗುತ್ತದೆ.

"ಇಕಿ ಕುಂಟಿ ಅಲ್ಲ ಬಿಡು, ಯಾರೋ ಒಣಾ ಹಾಕಿದ ಚೀಲಾ" ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ, "ಇದನ್ನ ತೊಗೋಬ್ಯಾಡ ಅಳ್ಯಾ. ಇದರಾಗ ಬಂದಾಕಿ ಯಾರು, ಬರದಾಕಿ ಯಾರು, ತಿಳ್ಯಾಂಗಿಲ್ಲ" ಎಂದ.

ನನಗೆ ಒಳಗೊಳಗೇ ಚುಚ್ಚಿತು. ಧಂದೆ ನನ್ನದು, ಕಲಿತವನು ನಾನು. ಕುರಿ ನೋಡಿ ಯಾರಾದರೂ ಲೆನ್ಸ್ ತೊಗೋತಾರೇನು ಮಾಮಾ ಎಂದೆ. ಅವನು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ, ನಿನಗ ತಿಳಿದಾಂಗ ಮಾಡು ಎಂದ. ಮರುದಿನ ಮಿರಜಿಗೆ ಹೋಗಿ ಸಾಧಾರಣದ್ದನ್ನು ತಿರುಗಿ ಕೊಟ್ಟು, ಅಲ್ಟ್ರಾ ವೈಡ್ ಇಟ್ಟುಕೊಂಡೆ. ಅದರಿಂದ ನನಗೆ ಹೆಸರೂ ಬಂತು. ಇಡೀ ತೋಟ ತೆಗೆಯುವವನು ಎಂದು ಅಥಣಿಯ ತನಕ ಕರೆಯತೊಡಗಿದರು.

ನಮ್ಮ ಕಡೆ ಮಹಾಪೂರ ಬಿಸಿಲಲ್ಲಿ ಬರುತ್ತದೆ. ಮಳೆ ಮೇಲೆ, ಮಹಾರಾಷ್ಟ್ರದ ಘಟ್ಟದಲ್ಲಿ ಬೀಳುತ್ತದೆ. ನೀರು ಸಪ್ಪಳವಿಲ್ಲದೆ ನಮ್ಮ ಕಬ್ಬಿನೊಳಗೆ ನಿಲ್ಲುತ್ತದೆ. ಎರಡು ವರ್ಷದ ಹಿಂದಿನ ಶ್ರಾವಣದಲ್ಲಿ ಹಾಗೇ ಆಯಿತು. ಮಧ್ಯಾಹ್ನ ಮಾಮಾನ ಹೆಂಡತಿ, ನಮ್ಮ ಅತ್ತಿ, ಫೋನು ಮಾಡಿದಳು. ಹೊಳೆದಂಡೆಯಿಂದ ಹಿಂಡನ್ನು ಎಬ್ಬಿಸಿ ರಸ್ತೆಗೆ ಹೊಡೆದುಕೊಂಡು ಬಂದಿದ್ದರು. ರಸ್ತೆಯ ಮೇಲೆ ಮಾಮಾ ಒಂದು ಸಲ ಹಿಂಡಿನ ಮೇಲೆ ಕಣ್ಣಾಡಿಸಿ, ಕುಂಟಿ ಬಂದಿಲ್ಲ, ಆಕಿ ಮರೀನೂ ಬಂದಿಲ್ಲ ಎಂದು ತಿರುಗಿ ಕಬ್ಬಿನೊಳಗೆ ಇಳಿದಿದ್ದ. ಅವನ ಫೋನು, ಸಾಮಾನು ಹೊರುವ ಕುದುರೆಯ ಮೇಲಿನ ಹೇರಿನಲ್ಲೇ ಉಳಿದಿತ್ತು.

ನಾನು ಚಿಕ್ಕೋಡಿಯಿಂದ ಹೋಗಿ ಮುಟ್ಟುವಷ್ಟರಲ್ಲಿ ಬಂಡಿದಾರಿಯ ಮೇಲೆ ಎದೆಮಟ್ಟ ನೀರು. ದೋಣಿ ಇದ್ದದ್ದು ಒಂದು. ಎಡಕ್ಕೆ ಹೋದರೆ ಪಂಪಿನ ಮನೆಗಳ ಕಡೆ, ಬಲಕ್ಕೆ ಹೋದರೆ ಪುಲಿನ ಕಡೆ. ಸೆಳವು ಜೋರಿತ್ತು, ಎರಡೂ ಕಡೆ ಹೋಗಿ ಬರಲು ಹೊತ್ತು ಸಾಲದು. ನೀನು ಮೇಲಿಂದ ನೋಡಿ ಹೇಳು, ಹೇಳಿದ ಕಡೆ ಹೋಗುತ್ತೇವೆ ಎಂದರು ದೋಣಿಯವರು.

ಡ್ರೋನಿಗೆ ಅಲ್ಟ್ರಾ ವೈಡ್ ಸಿಕ್ಕಿಸಿಯೇ ಇತ್ತು, ಮುಂಜಾನೆ ಒಂದು ಹೊಸಮನೆಯ ಶಾಂತಿಗೆ ಹಾರಿಸಿದ್ದೆ. ಬ್ಯಾಟರಿ ಅರ್ಧ. ಲೆನ್ಸ್ ತೆಗೆಯಲು ಒಂದು ಚಿಟಿಕೆಯ ಕೆಲಸ. ತೆಗೆದರೆ ಕೆಳಗೆ ಇಳಿದು ನಾಲ್ಕು ಸಲ ಸುತ್ತಬೇಕು, ಬ್ಯಾಟರಿ ಮುಗಿಯುತ್ತದೆ. ಇದ್ದರೆ ಒಂದೇ ಸಲಕ್ಕೆ ಎಲ್ಲ ಕಾಣುತ್ತದೆ ಎಂದು ಲೆಕ್ಕ ಹಾಕಿದೆ. ಲೆಕ್ಕದಲ್ಲಿ ನಾನು ಮೊದಲಿಗ.

ಎತ್ತರಕ್ಕೆ ಒಯ್ದೆ. ಪರದೆಯ ಮೇಲೆ ಬಿಸಿಲು ಬಿದ್ದು ನನ್ನ ಮುಖವೇ ಕಾಣುತ್ತಿತ್ತು. ಕೈ ಅಡ್ಡ ಹಿಡಿದು ನೋಡಿದೆ. ಕೆಂಪು ನೀರು, ಕಬ್ಬಿನ ತುದಿಗಳು, ಕಡ್ಡಿಪೆಟ್ಟಿಗೆಯಷ್ಟು ಪಂಪಿನ ಮನೆಗಳು. ಎಡ ಅಂಚಿನ ಮನೆಯ ಮಾಳಿಗೆಯ ಮೇಲೆ ಕಪ್ಪಗೆ, ಉದ್ದಕ್ಕೆ ಏನೋ ಇತ್ತು. ಒಣಹಾಕಿದ ಚೀಲ ಎಂದುಕೊಂಡೆ. ರೂಢಿಯ ಮೇಲೆ ಒಂದು ಫೋಟೋ ಒತ್ತಿ ಕೆಳಗಿಳಿಸಿದೆ.

"ಸರಿ ನೋಡೀರೇನ್ರಿ?" ಎಂದ ದೋಣಿಯವನು.

"ಅಖ್ಖಾ ಹೊಳಿ ಒಂದ ಫ್ರೇಮಿನ್ಯಾಗ ನೋಡೇನ್ರಿ. ಪಂಪಿನ ಕಡೆ ಯಾರೂ ಇಲ್ಲ. ಪುಲಿನ ಕಡೆ ನಡೀರಿ."

ದೋಣಿ ಪುಲಿನ ಕಡೆ ಹೋಯಿತು. ಹೊತ್ತು ಮುಳುಗುವ ತನಕ ಹುಡುಕಿದೆವು. ನೀರು ಏರುತ್ತಲೇ ಇತ್ತು.

ಮರುದಿನ ಮುಂಜಾನೆ ಅಂಗಡಿಯಲ್ಲಿ ಆ ಫೋಟೋವನ್ನು ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿದೆ. ಚೀಲಕ್ಕೆ ಕೈ ಇತ್ತು. ಎರಡು ಕೈ, ಮೇಲಕ್ಕೆ ಎತ್ತಿದ್ದವು, ಅವುಗಳ ನಡುವೆ ಕಂಬಳಿ. ಕಾಲ ಬುಡದಲ್ಲಿ ಎರಡು ಬಿಳಿ ಚುಕ್ಕೆ, ಒಂದು ದೊಡ್ಡದು, ಒಂದು ಸಣ್ಣದು.

ದೋಣಿ ತೆಗೆದುಕೊಂಡು ಹೋದಾಗ ಅಲ್ಲಿ ಪಂಪಿನ ಮನೆ ಕಾಣಲಿಲ್ಲ, ಮಾಳಿಗೆಯ ಮೇಲೂ ನೀರಿತ್ತು. ಮೂರನೇ ದಿನ ಕೆಳಗಿನ ಒಂದು ಕಬ್ಬಿನ ಹೊಲದಲ್ಲಿ ಮಾಮಾ ಸಿಕ್ಕ. ಕುಂಟಿ, ಅದರ ಮರಿ ಸಿಗಲಿಲ್ಲ.

ಹೊಳೆ ಇಳಿದ ಮೇಲೆ ಒಬ್ಬನೇ ಆ ಪಂಪಿನ ಮನೆಗೆ ಹೋದೆ. ಮಾಳಿಗೆಯ ಕಬ್ಬಿಣದ ಪೈಪಿಗೆ ಕಂಬಳಿ ಕಟ್ಟಿತ್ತು, ರಾಡಿ ಒಣಗಿ ಹಲಗೆಯಂತೆ ಬಿರುಸಾಗಿತ್ತು. ನಾಲ್ಕು ಗಂಟು. ನಾನು ಹಾರಿಸಿದಾಗ ಅದು ಅವನ ಕೈಯಲ್ಲಿತ್ತು. ಕಟ್ಟಿದ್ದು ಆಮೇಲೆ. ಗುಂಗಿ ಮತ್ತೆ ಬರುತ್ತದೆ ಎಂದು ಕಾದಿದ್ದಾನೆ. ಕೈ ಸೋತ ಮೇಲೆ ಕಟ್ಟಿದ್ದಾನೆ. ಗಂಟು ಬಿಚ್ಚಲು ನನಗೆ ಬಹಳ ಹೊತ್ತು ಹಿಡಿಯಿತು. ಅವನು ಹಾಕಿದ ಗಂಟು ಹಾಗೆಲ್ಲ ಬಿಚ್ಚುವಂಥದ್ದಲ್ಲ.

ಒಂದು ತಿಂಗಳು ಫೋಟೋದ ವಿಷಯ ಯಾರಿಗೂ ಹೇಳಲಿಲ್ಲ. ಕಡೆಗೆ ಅತ್ತಿಗೆ ಹೇಳಿದೆ. ಅವಳು ದಡ್ಡಿಯಲ್ಲಿ ಕೂತು ಒಂದು ಕುರಿಯ ಉಣ್ಣೆಯೊಳಗಿನ ಮುಳ್ಳು ಆರಿಸುತ್ತಿದ್ದಳು. ಬೈಯಲಿ, ಎದೆ ಬಡಿದುಕೊಂಡು ಅಳಲಿ ಎಂದು ಎದುರಿಗೆ ಕೂತೆ. ಅವಳು ಫೋಟೋ ಕೇಳಲಿಲ್ಲ. ಕೈ ನಿಲ್ಲಿಸಿ ಹೇಳಿದಳು:

"ಗುಂಗಿ ಸಪ್ಪಳಾ ಕೇಳ್ಯಾನಲ್ಲ. ಅಳ್ಯಾ ಬಂದ ಅಂತ ತಿಳದಿರ್ತಾನ ಬಿಡಪಾ."

ಮತ್ತೆ ಮುಳ್ಳು ಆರಿಸತೊಡಗಿದಳು. ನನ್ನ ಸಮಾಧಾನಕ್ಕೆ ಹೇಳಿದ್ದು ಅದು. ಇಷ್ಟು ವರ್ಷದಲ್ಲಿ ಯಾರ ಬೈಗುಳವೂ ನನಗೆ ಅಷ್ಟು ಒಳಗೆ ಇಳಿದಿಲ್ಲ.

ಹಿಂಡು ನಡೆಸುವುದು ಅವಳಿಂದ ಆಗಲಿಲ್ಲ, ಮಾರಿದಳು. ನಾನು ಕೆಲವನ್ನು ಮಾರಲು ಬಿಡದೆ ಕಬ್ಬೂರಿನಲ್ಲೇ ಇಟ್ಟಿದ್ದೇನೆ. ಕೆಲಸ ಇಲ್ಲದ ಸಂಜೆ ಹೋಗಿ ದಡ್ಡಿಯ ಬಾಯಿಗೆ ಕೋಲು ಹಿಡಿದು ನಿಲ್ಲುತ್ತೇನೆ. ಮುಖ ನೋಡಿ ಗುರುತು ಹಿಡಿಯಲು ನೋಡುತ್ತೇನೆ. ಒಂಬತ್ತರ ಗುರುತು ಹತ್ತಿದೆ, ಇನ್ನೆರಡು ಇವತ್ತಿಗೂ ಅದಲುಬದಲಾಗುತ್ತವೆ. ಹೀಗಾಗಿ ಎಣಿಸುತ್ತೇನೆ. ಬಾಯಿಯ ಮೇಲೆ ಅಂಗೈ ಇಡುವವರು ಯಾರೂ ಇಲ್ಲ.

ಮಿರಜಿಗೆ ಹೋಗಿ ಆ ಸಾಧಾರಣ ಅಗಲದ ಲೆನ್ಸನ್ನೇ ತಂದೆ. ತೋಟದವರು, ಪೂರ್ತಿ ಬರಲಿಲ್ಲವಲ್ಲ ಎನ್ನುತ್ತಾರೆ. ಎರಡು ಸಲ ತೆಗೆದು ಕೊಡುತ್ತೇನೆ. ಬಿಸಿಲಿದ್ದರೆ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡು ಪರದೆ ನೋಡುತ್ತೇನೆ. ಮಂದಿ ನಗುತ್ತಾರೆ. ಎಷ್ಟು ತೊಳೆದರೂ ಅದರೊಳಗಿನ ಹೊಳೆಯ ವಾಸನೆ ಹೋಗಿಲ್ಲ, ಅದರ ಅಡಿಯಲ್ಲಿ ತಂಬಾಕಿನದು ಇನ್ನೂ ಸ್ವಲ್ಪ ಇದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಡ್ರೋನ್ ಒಂದು. ಬ್ಯಾಟರಿ ನಾಲ್ಕು. ಲೆನ್ಸ್ ಎರಡು, ಅದರಲ್ಲಿ ಅಲ್ಟ್ರಾ ವೈಡ್ ಹಚ್ಚುವುದಿಲ್ಲ. ಕುರಿ ಹನ್ನೊಂದು. ಮಾಮಾನ ಫೋಟೋ ಒಂದು. ಕಂಬಳಿ ಒಂದು.