ಕಾಲು ಮುಂದಾಗಿ ಹುಟ್ಟಿದವಳ ಸೊಂಟ

ನಾನು ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವಳು. ಹಾಗೆ ಹುಟ್ಟಿದವರು ಒದ್ದರೆ ಹಿಡಿದುಕೊಂಡ ಸೊಂಟ ಬಿಡುತ್ತದೆ ಎಂದು ನಮ್ಮ ವಿಜಯಪುರದ ಕಡೆಯೂ ನಂಬುತ್ತಾರೆ, ಮುಂಬಯಿಯ ಮರಾಠಿ ಜನರೂ ನಂಬುತ್ತಾರೆ. ಹೀಗಾಗಿ ಮದುವೆಯಾಗಿ ಮುಂಬಯಿಯ ಕುರ್ಲಾದ ಚಾಳ್ ಎಂಬ ವಠಾರಕ್ಕೆ ಬಂದಾಗ ನನ್ನ ಮುಖಕ್ಕಿಂತ ಮೊದಲು ಕಾಲು ಹೆಸರುವಾಸಿಯಾಯಿತು. ನೀರಿನ ಕೊಡ ಎತ್ತಿ ಸೊಂಟ ಹಿಡಿದವರು, ಲೋಕಲ್ ರೈಲಿನಲ್ಲಿ ಜೋತುಬಿದ್ದು ಬೆನ್ನು ಉಳುಕಿಸಿಕೊಂಡವರು ಬೆಳಿಗ್ಗೆ ಬಾಗಿಲಿಗೆ ಬಂದು ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ನಾನು ಮೆಲ್ಲಗೆ ಒದ್ದು ಕಳಿಸುತ್ತಿದ್ದೆ. ಅತ್ತೆಯವರ ಬೆನ್ನಿಗೂ ಒದ್ದಿದ್ದೇನೆ. ಸೊಸೆಯಾದವಳಿಗೆ ಅಂಥ ಭಾಗ್ಯ ಸುಮ್ಮನೆ ಸಿಗುವುದಿಲ್ಲ.

ಹೋದ ವರ್ಷ ನನ್ನ ಸೊಂಟವೇ ಹಿಡಿದುಕೊಂಡಿತು. ನನ್ನ ಬೆನ್ನಿಗೆ ನಾನೇ ಒದ್ದುಕೊಳ್ಳುವುದು ಹೇಗೆ?

ನನ್ನದು ರೊಟ್ಟಿಯ ಕೆಲಸ. ಇಲ್ಲಿ ಕಟ್ಟಡ ಕಟ್ಟುವ ನಮ್ಮ ಕಡೆಯ ಜನಕ್ಕೆ ದಿನವೂ ಜೋಳದ ರೊಟ್ಟಿ ಬಡಿದು ಕಳಿಸುತ್ತೇನೆ. ರೊಟ್ಟಿಗೆಂದೇ ನೆಲದ ಮೇಲೊಂದು ಒಲೆ ಇದೆ. ಅದರ ಮುಂದೆ ಒಂದು ಮೊಣಕಾಲು ಎತ್ತಿ ಕೂತರೆ ಕೈ ತಾನಾಗಿ ಓಡುತ್ತದೆ. ಈಗ ಕೂತರೆ ಏಳಲಾಗುತ್ತಿರಲಿಲ್ಲ. ಗೋಡೆ ಹಿಡಿದು, ಮಗಳ ಕೈ ಹಿಡಿದು, ದೇವರನ್ನು ಕರೆದು ಏಳುತ್ತಿದ್ದೆ. ನೋಡಿದವರೆಲ್ಲ ಉಪದೇಶಕ್ಕೆ ನಿಂತರು. ನೆಲದ ಮೇಲೆ ಕೂರಬೇಡ, ರೊಟ್ಟಿ ಬಿಡು, ಮಷೀನ್ ತಗೋ. ಮಷೀನಿನ ರೊಟ್ಟಿಯನ್ನು ನಾನೂ ತಿಂದಿದ್ದೇನೆ, ಅದರ ಬಗ್ಗೆ ಮಾತಾಡದಿರುವುದೇ ಮೇಲು. ಹೊರಗೆ ಹೀಗೆ ಸಿಡುಕುತ್ತಿದ್ದರೂ ಒಳಗೆ ನನಗೆ ಭಯವಾಗಿತ್ತು. ರೊಟ್ಟಿ ಬಿಟ್ಟರೆ ನನಗೆ ಮತ್ತೇನು ಉಳಿಯುತ್ತದೆ ಎಂದು ಯೋಚಿಸಿ ಅತ್ತದ್ದೂ ಉಂಟು.

ಪವಾಯಿಯ ಆಫೀಸಿಗೆ ಹೋಗುವ ಮಗಳು ಅಲ್ಲಿಯ ಒಬ್ಬ ಕೈರೋಪ್ರಾಕ್ಟಿಕ್ ಡಾಕ್ಟರಿಗೆ ತನ್ನ ಕುತ್ತಿಗೆ ತೋರಿಸುತ್ತಿದ್ದಳು.

"ಮಮ್ಮಿ, ಅವರು ಗೋಲಿ ಕೊಡಂಗಿಲ್ಲ, ಆಪರೇಷನ್ ಭೀ ಇಲ್ಲ. ಬರೇ ಕೈಲೆ ಮಾಡ್ತಾರ. ಏಕ್ ಬಾರ್ ಬಾ."

"ನಾ ಕಾಲಿಲೆ ಮಾಡೂದನ್ನ ಅವರು ಕೈಲೆ ಮಾಡ್ತಾರ ಅಂದಂಗಾತು," ಎಂದು ಹೊರಟೆ.

ಡಾಕ್ಟರು ಮಗಳಿಗಿಂತ ಸ್ವಲ್ಪ ದೊಡ್ಡ ಹುಡುಗಿ. ನೀವೂ ಕಾಲು ಮುಂದಾಗಿ ಹುಟ್ಟಿದವರಾ ಎಂದು ಹಿಂದಿಯಲ್ಲಿ ಕೇಳಿಯೇಬಿಟ್ಟೆ. ಮಗಳು ಮುಖ ಮುಚ್ಚಿಕೊಂಡಳು. ಡಾಕ್ಟರು ಮಾತ್ರ ನಗದೆ, "ಇಲ್ಲ ಆಂಟಿ, ತಲೆ ಮುಂದಾಗಿಯೇ ಹುಟ್ಟಿದೆ. ಅದಕ್ಕೇ ಇಷ್ಟು ವರ್ಷ ಓದಬೇಕಾಯಿತು," ಎಂದರು. ಅಲ್ಲಿಗೆ ಆಕೆ ನನಗೆ ಹಿಡಿಸಿದರು.

ಆದರೆ ಅಂದು ಬೆನ್ನು ಮುಟ್ಟಿ ನೋಡಿದ್ದೇ ಹೊರತು ಒತ್ತಲಿಲ್ಲ. ಕಾಲು ಜೋಮು ಹಿಡಿಯುತ್ತದೆಯೇ, ಎಲ್ಲಾದರೂ ಬಿದ್ದಿದ್ದೀರಾ, ಜ್ವರ ಬರುತ್ತದೆಯೇ ಎಂದು ಕೇಳಿ ಎಕ್ಸ್‌ರೇ ತರಲು ಹೇಳಿದರು. ಎಲ್ಲ ಕಾಯಿಲೆಗೂ ತಮ್ಮ ಬಳಿ ಉತ್ತರವಿಲ್ಲ, ಬೇರೆ ಏನಾದರೂ ಕಂಡರೆ ಆಸ್ಪತ್ರೆಗೆ ಕಳಿಸುತ್ತೇನೆ ಎಂದರು. ಕೊನೆಗೆ, ನಿಮಗೆ ಏನು ಮಾಡಲು ಆಗಬೇಕು ಎಂದು ಕೇಳಿದರು. ಏನು ಬಿಡಬೇಕೆಂದು ಹೇಳಿದವರು ಬಹಳ ಜನ, ಹೀಗೆ ಕೇಳಿದವರು ಇವರೊಬ್ಬರೇ. ನೆಲದ ಮೇಲೆ ಕೂತು ರೊಟ್ಟಿ ಬಡಿಯಬೇಕು ಎಂದೆ. ತೋರಿಸಿ ಎಂದರು. ಆ ಥಳಥಳ ನೆಲದ ಮೇಲೆ ಕೂತು ಹಿಟ್ಟಿಲ್ಲದ ರೊಟ್ಟಿ ಬಡಿದೆ. ಡಾಕ್ಟರು ಸುತ್ತ ತಿರುಗಿ ನೋಡಿದರು.

ಎಕ್ಸ್‌ರೇಯಲ್ಲಿ ಹೆದರುವಂಥದ್ದು ಏನೂ ಇರಲಿಲ್ಲ. ಬೆನ್ನೆಲುಬು ಒಂದೇ ಕೋಲಲ್ಲ, ಸಣ್ಣ ಸಣ್ಣ ಕೀಲುಗಳ ಸಾಲು ಎಂದು ಅವರು ವಿವರಿಸಿದರು. ಒಂದು ಕೀಲು ಬಿಗಿದುಕೊಂಡರೆ ಅದರ ಕೆಲಸ ಪಕ್ಕದವುಗಳ ಮೇಲೆ ಬೀಳುತ್ತದೆ. ಕೂಡುಕುಟುಂಬದಲ್ಲಿ ಒಬ್ಬ ಸೊಸೆ ಮುನಿಸಿಕೊಂಡು ಕೂತ ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ. ಆ ಕೀಲನ್ನು ಕೈಯಿಂದ ಒತ್ತಿ ಮತ್ತೆ ಅಲುಗಾಡುವಂತೆ ಮಾಡುವುದು ಅವರ ಕೆಲಸ, ಮುಂದೆ ಚೇತರಿಸಿಕೊಳ್ಳುವುದು ದೇಹದ ಕೆಲಸ, ಅದಕ್ಕೆ ಅವಕಾಶ ಕೊಡುವುದು ನನ್ನ ಕೆಲಸ. ಮಗ್ಗುಲಾಗಿ ಮಲಗಿಸಿ ಒಮ್ಮೆ ಒತ್ತಿದಾಗ ಲಟಕ್ಕೆಂದಿತು. "ಯವ್ವಾ, ಮುರೀತು!" ಎಂದು ಕಿರುಚಿದೆ. ಮುರಿದಿಲ್ಲ, ಕೀಲಿನೊಳಗಿನ ಗಾಳಿಯ ಸದ್ದು ಎಂದು ಸಮಾಧಾನ ಮಾಡಿದರು.

ಮನೆಗೆ ಪಾಠವನ್ನೂ ಕೊಟ್ಟರು. ಮಣೆ ಹಾಕಿಕೊಂಡು ಕೂರಬೇಕು, ಮೊಣಕಾಲು ಬದಲಿಸುತ್ತಿರಬೇಕು, ನಡುನಡುವೆ ಎದ್ದು ಓಡಾಡಬೇಕು, ದಿನವೂ ವ್ಯಾಯಾಮ ಮಾಡಬೇಕು. ಏಳಲಾಗುವುದಿಲ್ಲ ಎಂದು ಬಂದವಳಿಗೆ ಪದೇ ಪದೇ ಏಳು ಎನ್ನುತ್ತಾರಲ್ಲ ಎಂದು ದಾರಿಯುದ್ದಕ್ಕೂ ಗೊಣಗಿದೆ. ಯಾರ ಬೆನ್ನಿಗೂ ಒದೆಯಬೇಡಿ ಎಂದೂ ತಾಕೀತಾಗಿತ್ತು. ಈಗ ಬಾಗಿಲಿಗೆ ಬಂದವರನ್ನು, ಕಾಲು ಜೋಮು ಹಿಡಿಯುತ್ತದೆಯೇ ಎಂದು ವಿಚಾರಿಸಿ ಡಾಕ್ಟರ ಕಡೆ ಅಟ್ಟುತ್ತೇನೆ. ಕೆಲವರಿಗೆ ನನ್ನ ಮೇಲೆ ಸಿಟ್ಟೂ ಬಂದಿದೆ.

ಗುಣವೇನೂ ಓಡೋಡಿ ಬರಲಿಲ್ಲ. ಒಂದು ವಾರ ಹಗುರ, ಮರುವಾರ ಮತ್ತೆ ಬಿಗಿತ. ಬಿಟ್ಟುಬಿಡೋಣ ಎನಿಸಿದರೂ ಹಟಕ್ಕೆ ಬಿದ್ದು ಹೋಗುತ್ತಿದ್ದೆ.

ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಅಡುಗೆಕಟ್ಟೆಯ ಮೇಲೆ ಹಾಲು ಉಕ್ಕಿತು. ಮಗಳು ಆಫೀಸಿಗೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದಳು. "ಹಾಲು, ಹಾಲು!" ಎನ್ನುತ್ತ ಹೋಗಿ ಗ್ಯಾಸ್ ಆರಿಸಿದೆ. ಕಟ್ಟೆಯೆಲ್ಲ ಹಾಲು. ಬೈಯಬೇಕೆಂದು ತಿರುಗಿದರೆ ಮಗಳು ಬಾಚಣಿಗೆ ಹಿಡಿದು ನನ್ನನ್ನೇ ನೋಡುತ್ತಿದ್ದಳು.

"ಮಮ್ಮಿ, ನೀ ಹ್ಯಾಂಗ ಎದ್ದಿ?"

ನೆಲದ ಮೇಲೆ ಮಣೆ ಖಾಲಿ ಇತ್ತು. ಗೋಡೆ ಹಿಡಿದಿರಲಿಲ್ಲ, ಯಾರನ್ನೂ ಕರೆದಿರಲಿಲ್ಲ. ಹೇಗೆ ಎದ್ದೆನೋ ನನಗೂ ಗೊತ್ತಿರಲಿಲ್ಲ. ನಗುವೂ ಅಳುವೂ ಒಟ್ಟಿಗೇ ಬಂದವು. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸುಟ್ಟ ವಾಸನೆ ಬಂತು, ಅದನ್ನು ತಿರುವಿ ಹಾಕಲು ಮತ್ತೆ ನೆಲಕ್ಕೆ ಕೂತೆ.