ಊರು ಬಿಟ್ಟು ತಾರೀಖು ಹಿಡಿದ ಲೈಬ್ರರಿ

ನಾನು ಪಿಯುಸಿ ಮುಗಿಸಲಿಲ್ಲ. ಪ್ರೋಗ್ರಾಮ್ ಬರೆಯುವುದನ್ನು ಮೊಬೈಲ್‌ನಲ್ಲಿ ವಿಡಿಯೊ ನೋಡಿ ಕಲಿತೆ. ಬಂಕಾಪುರದಲ್ಲಿ ಗೋವಿನಜೋಳದ ತೆನೆಯಿಂದ ಕಾಳು ಬಿಡಿಸುವ ರಾಶಿ ಮಷಿನ್ ಇಟ್ಟಿದ್ದ ಮಾಲೀಕರೊಬ್ಬರಿಗೆ ಇಷ್ಟು ವಿದ್ಯೆ ಸಾಕಾಯಿತು. ಸುಗ್ಗಿ ಬಂತೆಂದರೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಎಲ್ಲ ಕಡೆಯಿಂದ ಅವರಿಗೆ ಫೋನು. ಪಾಳಿ ತಪ್ಪಿತೆಂದು ಬೈಸಿಕೊಂಡು ಬೈಸಿಕೊಂಡು ಅವರಿಗೆ ಊಟ ಸೇರುತ್ತಿರಲಿಲ್ಲ. ಆ ಬೈಗುಳವನ್ನು ಕಂಪ್ಯೂಟರ್‌ಗೆ ವರ್ಗಾಯಿಸಲು ನನ್ನನ್ನು ಇಟ್ಟುಕೊಂಡರು.

ನಿಯಮ ಸರಳ. ಪ್ರತಿ ಊರಿನಲ್ಲಿ ಮೊದಲು ಹೆಸರು ಬರೆಸಿದವರಿಗೆ ಮೊದಲ ಪಾಳಿ. ಹಿಂದಿನ ದಿನ ಅವರಿಗೆ ಮೆಸೇಜ್ ಹೋಗಬೇಕು: ನಾಳೆ ಮಷಿನ್ ಬರುತ್ತದೆ, ತೆನೆ ಕಣಕ್ಕೆ ಹಾಕಿ. ಹೆಸರು, ಊರು, ತಾರೀಖು ತುಂಬಿಟ್ಟ ಡೇಟಾಬೇಸ್‌ಗೆ ಇದನ್ನು ಪ್ರಶ್ನೆಯೊಳಗೆ ಪ್ರಶ್ನೆ ಇಟ್ಟು ಕೇಳಬೇಕು. ಒಳಗಿನದು: ಊರೂರಿಗೆ ಗುಂಪು ಮಾಡಿ, ಪ್ರತಿ ಊರಿನ ಮೊದಲ ತಾರೀಖು ತೆಗೆ. ಹೊರಗಿನದು: ಆ ಊರಿನಲ್ಲಿ ಆ ತಾರೀಖಿಗೆ ಬರೆಸಿದವರು ಯಾರು?

ಇದನ್ನು ನಾನು ಕೈಯಾರೆ ಬರೆಯಲಿಲ್ಲ. ಇಂತಹ ಪ್ರಶ್ನೆಗಳನ್ನು ನಮ್ಮ ಬದಲು ಬರೆದುಕೊಡುವ ಲೈಬ್ರರಿ ಎಂಬ ಪುಕ್ಕಟೆ ಸಾಮಾನು ಇಂಟರ್‌ನೆಟ್‌ನಲ್ಲಿ ಸಿಗುತ್ತದೆ. ಇನ್ನು ಮೇಲೆ ನೀವು ತಲೆ ಕೆಡಿಸಿಕೊಳ್ಳುವುದೇ ಬೇಡ ಎಂದು ಅದರ ಮುಖಪುಟದಲ್ಲಿ ದೊಡ್ಡ ಅಕ್ಷರ. ನಾನು ಊರು, ತಾರೀಖು ಎರಡನ್ನೂ ಜೋಡಿಸಿ ಕೊಟ್ಟೆ. ಅದು ತಾರೀಖು ಇಟ್ಟುಕೊಂಡು ಊರನ್ನು ದಾರಿಯಲ್ಲಿ ಬಿಸಾಕಿತು. ತಪ್ಪು ಎಂದು ಒಂದು ಕೆಂಪು ಅಕ್ಷರ ತೋರಿಸಿದ್ದರೆ ಅದರ ಗಂಟೇನು ಹೋಗುತ್ತಿತ್ತು?

ಫಲ ಸಿಕ್ಕಿದ್ದು ಚಿಕ್ಕೇರೂರಿನಲ್ಲಿ. ಅಲ್ಲಿಗೆ ಕೊಟ್ಟಿರುವ ನಮ್ಮ ಅಕ್ಕ ಭಾನುವಾರವೇ ಹೆಸರು ಬರೆಸಿದ್ದಳು. ಊರಿಗೆ ಅವಳೇ ಮೊದಲು. ಪಕ್ಕದ ಹೊಲದ ಇಬ್ಬರು ಸೋಮವಾರ ಬರೆಸಿದ್ದರು. ಹಾನಗಲ್ಲ ಕಡೆಯ ಒಂದು ಊರಿನಲ್ಲಿ ಮೊದಲ ಹೆಸರು ಬಿದ್ದದ್ದೂ ಅದೇ ಸೋಮವಾರ. ಊರು ನೋಡದ ಲೈಬ್ರರಿಗೆ ಸೋಮವಾರದವರೆಲ್ಲ ಮೊದಲಿಗರೇ. ಚಿಕ್ಕೇರೂರಿನ ಮೂವರಿಗೂ ಮೆಸೇಜ್ ಹೋಯಿತು.

ಮಷಿನ್ ಬಂದ ಮನೆಯವರು ಅದರ ಮಂದಿಗೆ ಊಟ ಹಾಕುವುದು ನಮ್ಮ ಕಡೆ ಪದ್ಧತಿ. ಮೂರೂ ಮನೆಯಲ್ಲಿ ರೊಟ್ಟಿ ಬಡಿದಿದ್ದರು. ಮಷಿನ್ ಒಂದೇ, ಅದರ ಹಿಂದೆ ಬೈಕಿನಲ್ಲಿ ನಾನು. ಮೋಡ ಬೇರೆ ಕಟ್ಟಿತ್ತು. ಅಕ್ಕನ ತೆನೆ ಬಯಲಲ್ಲಿ ಬಿದ್ದಿತ್ತು.

ಪಾಳಿ ಅಕ್ಕನದು, ಉಳಿದೆರಡು ಮೆಸೇಜ್ ಲೈಬ್ರರಿಯ ತಪ್ಪು ಎಂದು ಅಕ್ಕನ ಕಣದಲ್ಲಿ ಸೇರಿದ್ದ ಮೂರೂ ಮನೆಯವರಿಗೆ ಹೇಳಿದೆ. ಒಳಗಿನ ಪ್ರಶ್ನೆ, ಹೊರಗಿನ ಪ್ರಶ್ನೆ ಎಲ್ಲ ವಿವರಿಸಿದೆ. ಪಕ್ಕದ ಹೊಲದ ಇಬ್ಬರಲ್ಲಿ ಹಿರಿಯರಾದವರು ಎಲೆ ಅಡಿಕೆ ಜಗಿಯುತ್ತ ಪೂರ್ತಿ ಕೇಳಿಸಿಕೊಂಡರು.

"ಕಂಪ್ಯೂಟರ್ ಸಾಹೇಬ್ರ, ತಪ್ಪೆಲ್ಲಾ ನಮ್ಮ ಪಾಲಿಗೆ, ಖರೇ ಅನ್ನೂದು ನಿಮ್ಮ ಅಕ್ಕನ ಪಾಲಿಗೆ. ಭಾಳ ಶಾಣ್ಯಾ ಐತ್ರಿ ನಿಮ್ಮ ಲೈಬ್ರರಿ."

ಬೇರೆ ಯಾರ ಕಣವಾಗಿದ್ದರೂ ನಂಬುತ್ತಿದ್ದರು. ಅವರ ಜಾಗದಲ್ಲಿ ನಾನಿದ್ದರೆ ಇನ್ನೂ ಎರಡು ಮಾತು ಹೆಚ್ಚು ಆಡುತ್ತಿದ್ದೆ. ನಾನೇನೋ ಬೈಕ್ ಹತ್ತಿ ಹೋಗುವವನು. ಆ ಊರಿನಲ್ಲಿ ಬಾಳಬೇಕಾದವಳು ಅಕ್ಕ.

ಅವಳು ಸೆರಗು ಸಿಕ್ಕಿಸಿಕೊಂಡು ಬಂದಳು. "ಕಾಕಾ, ಇಬ್ರೂ ತೆನಿ ಟ್ರೇಲರಿನ್ಯಾಗ ಹೇರಿ ನಮ್ಮ ಕಣಕ್ಕ ತರ್ರಿ. ಮೊದ್ಲ ನಿಮ್ದು ಆಗ್ಲಿ. ನಮ್ದು ಕಡೀಗೆ."

"ಅಕ್ಕಾ, ಮಳಿ ಬರಾಕತ್ತೈತಿ," ಎಂದೆ.

"ಬರ್ಲಿ. ತಮ್ಮ ಪಾಳಿ ಕೊಡಿಸ್ದಾ ಅನ್ನಿಸ್ಕೊಂಡ ಜ್ವಾಳ ನನಗ ಬ್ಯಾಡ."

ಅವರಿಬ್ಬರದು ಮುಗಿಯಿತು. ಅಕ್ಕನದು ಅರ್ಧ ಆಗುವಷ್ಟರಲ್ಲಿ ಮಳೆ ಬಿತ್ತು. ನನಗೆ ಸಾಹೇಬ್ರ ಎಂದಿದ್ದ ಹಿರಿಯರು ಓಡಿಹೋಗಿ ತಮ್ಮ ತಾಡಪತ್ರಿ ತಂದು ಹೊದಿಸಿದರು. ಲೈಬ್ರರಿಯ ಕಥೆಯನ್ನು ಅವರು ಆಗಲೂ ನಂಬಿರಲಿಲ್ಲ; ಅಕ್ಕನನ್ನು ನಂಬಿದ್ದರು. ಆದರೂ ಅರ್ಧ ರಾಶಿ ನೆನೆಯಿತು.

ಒಂದೇ ಕಣದಲ್ಲಿ ಮೂರು ಮನೆಯ ರಾಶಿಯಾಗಿ ಡೀಸೆಲ್ ಉಳಿದದ್ದು ಮಾಲೀಕರಿಗೆ ಹಿಡಿಸಿತು. ಈ ತಪ್ಪನ್ನು ಹಾಗೆಯೇ ಇಡಲು ಬರುತ್ತದೆಯೇ ಎಂದು ಕೇಳಿದರು. ನಾನು ಲೈಬ್ರರಿ ಕಿತ್ತುಹಾಕಿ ಪ್ರಶ್ನೆಯನ್ನು ಕೈಯಿಂದಲೇ ಬರೆದೆ. ನಾಲ್ಕೈದು ಸಾಲಿನ ಕೆಲಸ.

ಬಿಸಿಲು ಬಿದ್ದ ಮೇಲೆ ಅಕ್ಕನ ನೆನೆದ ಜೋಳವನ್ನು ಒಣಗಲೆಂದು ರಸ್ತೆಯ ಮೇಲೆ ಹರವಿ, ಕಾಳು ಮಗುಚಲು ಕಾಲಿನಿಂದ ಸಾಲು ಎಳೆಯುತ್ತ ತಿರುಗಾಡುತ್ತಿದ್ದೆ. ಲೈಬ್ರರಿ ಮಾಡಿದವರಿಗೆ ದೂರು ಬರೆದಿದ್ದೆ. ಆಗ ಮೊಬೈಲ್‌ಗೆ ಉತ್ತರ ಬಂತು. ಇದು ತಪ್ಪಲ್ಲ, ಹೀಗೇ ಇರಲೆಂದು ಮಾಡಿದ್ದು, ನಿಮ್ಮ ದೂರು ಮುಗಿಸಿದ್ದೇವೆ, ಧನ್ಯವಾದ. ಏನದು ಎಂದು ಅಕ್ಕ ಕೇಳಿದಳು. ಓದಿ ಹೇಳಿದೆ.

"ಅವ್ರನ್ನೂ ಕರಿ," ಎಂದಳು. "ಜ್ವಾಳ ತಿರವಾಕ ಕಾಲು ಕಡಿಮಿ ಬಿದ್ದಾವು."